ಮೂಗಿನ ತುದಿ

ಮುಂಗೋಪಿಯನ್ನು ಕುರಿತು ‘ಅವನಿಗೆ ಕೋಪ ಮೂಗಿನ ತುದಿಯಲ್ಲೇ ಇದೆ’ ಎಂದು ನಮ್ಮವರು ಹೇಳುವರು. ಸೇರದ ಪದಾರ್ಥವನ್ನು ಕಂಡವನು ಮೂಗು ಮುರಿಯುವನು. ತನಗೆ ಸಂಬಂಧಪಡದ ವಿಷಯದಲ್ಲಿ ಮೂಗು ತೂರಿಸುವವನೊಬ್ಬನು. ಆಶ್ಚರ್ಯವಾದರೆ ಮೂಗಿನ ಮೇಲೆ ಬೆರಳಿಡುವವನು ಇನ್ನೊಬ್ಬನು. ಮೂವತ್ತನಾಲ್ಕು ವರ್ಷಕಾಲ ಉಪಾಧ್ಯಾಯನಾಗಿದ್ದ ನಾನು ಈ ನುಡಿಗಳನ್ನೆಲ್ಲ ವಾಕ್ಯಗಳಲ್ಲಿ ಪ್ರಯೋಗಿಸಿ ಹುಡುಗರಿಗೆ ತೋರಿಸಿರುವೆನು. ಅವು ನನ್ನ ಮುಖಕ್ಕೇ ಒಪ್ಪುವ ಮಾತುಗಳೆಂದು ಮಾತ್ರ ಆಗ ಹೊಳೆದಿರಲಿಲ್ಲ. ಹೊಳೆದುದು ನಿವೃತ್ತನಾಗಿ ನಾಲ್ಕು ವರ್ಷಗಳಾದ ಮೇಲೆ, ಇಟ್ಟಮಡುವಿನ ನಮ್ಮ ಬೀದಿಯಲ್ಲಿ ಒಂದು ಮನೆಯ ಮಹಡಿಯ ಮೇಲೆ, ಚಾಪೆ ಹಾಸಿಕೊಂಡು ಅಂಗಾತನಾಗಿ ಮಲಗಿದ್ದಾಗ. ಆ ವೃತ್ತಾಂತವನ್ನು ಹೇಳಬೇಕಾದರೆ ಮೊದಲು ನನ್ನ ಘ್ರಾಣೇಂದ್ರಿಯವು ನಷ್ಟವಾದ ಸಂಗತಿಯನ್ನು ಹೇಳಬೇಕು.

2021ನೆಯ ಇಸವಿ ಮೇ ತಿಂಗಳಲ್ಲಿ ಕೋವಿಡ್ ಜಾಡ್ಯದ ಎರಡನೆಯ ಅಲೆಯು ಬೆಂಗಳೂರಿನ ಮೇಲೆ ಬಂದಾಗ ನಮ್ಮ ಮನೆಯನ್ನೂ ಬಿಡಲಿಲ್ಲ. ಪ್ರಾಣಕ್ಕೇನೂ ಅಪಾಯವಾಗಲಿಲ್ಲ, ಆ ತಿಂಗಳಲ್ಲಿ ಅಷ್ಟನ್ನು ಹೇಳಿಕೊಳ್ಳಬಲ್ಲವರೇ ಭಾಗ್ಯವಂತರು. ಜ್ವರದ ಮೂರನೆಯ ದಿನ ಬೆಳಿಗ್ಗೆ ನನ್ನ ಗೃಹಿಣಿ ಕಾಫಿಯ ಲೋಟವನ್ನು ಬಾಗಿಲ ಬಳಿ ಇಟ್ಟು ಹೋದಳು. ಎತ್ತಿ ಕುಡಿದೆನು. ಬಿಸಿಯಿದ್ದಿತು, ಸಿಹಿಯಿದ್ದಿತು, ಹಿಂದೆಯೇ ಸ್ವಲ್ಪ ಕಹಿಯೂ ಇದ್ದಿತು. ಕಾಫಿ ಮಾತ್ರ ಇರಲಿಲ್ಲ. ಡಿಕಾಕ್ಷನ್ ಹಾಕಲು ಮರೆತಳೋ ಎಂದು ಲೋಟದೊಳಗೆ ಬಗ್ಗಿ ನೋಡಿದೆನು. ಬಣ್ಣ ಸರಿಯಾಗಿಯೇ ಇದ್ದಿತು.

ಜ್ವರ ಹೋಯಿತು, ವಾಸನೆ ಬರಲಿಲ್ಲ. ಅನ್ನ, ಸಾರು, ಹುಳಿ ಎಲ್ಲವೂ ಉಪ್ಪು ಹುಳಿ ಖಾರಗಳ ಬೇರೆಬೇರೆ ಅಳತೆಗಳಾದುವೇ ಹೊರತು ಒಂದಕ್ಕೂ ತನ್ನದೆಂಬ ಗುಣವಿಲ್ಲವಾಯಿತು. ಒಂದು ವಿಚಿತ್ರವನ್ನು ಆಗಲೇ ಗಮನಿಸಿದೆನು. ಅಡಿಗೆಮನೆಯಲ್ಲಿ ಒಣಮೆಣಸಿನಕಾಯಿ ಹುರಿದರೆ ನನಗೆ ಮೊದಲಿನಂತೆಯೇ ಕೆಮ್ಮು ಬರುತ್ತಿದ್ದಿತು, ಕಣ್ಣಿನಲ್ಲಿ ನೀರು ಬರುತ್ತಿದ್ದಿತು. ಅದೇ ಬಾಂಡಲೆಯಲ್ಲಿ ಹುರಿಯುತ್ತಿದ್ದ ಕೊತ್ತಂಬರಿಬೀಜದ ಸುಳಿವೇ ಇಲ್ಲ. ಘಾಟು ಉಳಿದು ವಾಸನೆ ಹೋಗಿದ್ದಿತು. ನಮ್ಮ ಭಾಷೆಯ ಹೆಂಗಸರು ಎಂದಿನಿಂದಲೋ ಈ ಎರಡನ್ನು ಬೇರೆಬೇರೆ ಹೆಸರಿನಿಂದ ಕರೆಯುತ್ತ ಬಂದಿರುವರು. ಈಗಿನ ಶಾರೀರವಿಜ್ಞಾನಿಗಳೂ ಅದನ್ನೇ ಹೇಳುತ್ತಾರೆ: ಮೆಣಸಿನ ಘಾಟನ್ನು, ಕರ್ಪೂರದ ತಂಪನ್ನು ಮಿದುಳಿಗೆ ಒಯ್ಯುವುದು ಘ್ರಾಣದ ನರವಲ್ಲ, ಮುಖದ ಸ್ಪರ್ಶವನ್ನೂ ನೋವನ್ನೂ ಒಯ್ಯುವ ಬೇರೊಂದು ನರ. ಪಾಠಶಾಲೆಯ ಮಾತಿನಲ್ಲಿ ಹೇಳುವುದಾದರೆ ಘಾಟು ತ್ವಗಿಂದ್ರಿಯಕ್ಕೆ ಸೇರಿದುದು. ಗಂಧವೊಂದೇ ಘ್ರಾಣಕ್ಕೆ ಸೇರಿದುದು. ಮಂಗಳಾರತಿಯ ಹೊತ್ತಿನಲ್ಲಿ ಮೂಗಿನಲ್ಲಿ ಕರ್ಪೂರದ ತಂಪು ಆಡಿದರೂ ಕರ್ಪೂರ ಸಿಕ್ಕುತ್ತಿರಲಿಲ್ಲ.

ವಾಸನೆಯಿಲ್ಲದಿದ್ದರೇನು, ಕಣ್ಣು ಕಿವಿ ನೆಟ್ಟಗಿದ್ದರೆ ಸಾಲದೇ ಎಂದು ಸಮಾಧಾನ ಹೇಳಿದವರು ಹಲವರು. ಒಂದು ಸಂಜೆ ಒಲೆಯ ಮೇಲೆ ಹಾಲಿಟ್ಟು ಪಕ್ಕದ ಕೋಣೆಯಲ್ಲಿ ಪುಸ್ತಕ ಹಿಡಿದು ಕುಳಿತೆನು. ಹಾಲು ಉಕ್ಕಿ ಉರಿ ಆರಿದ್ದಿತು. ಗ್ಯಾಸು ಹರಿಯುತ್ತಲೇ ಇದ್ದಿತು. ದೇವಸ್ಥಾನದಿಂದ ಬಂದ ಗೃಹಿಣಿ ಬಾಗಿಲಿನಲ್ಲಿಯೇ ಕೂಗಿಕೊಂಡು ಒಳಗೆ ಓಡಿ ಒಲೆಯ ಕಿವಿ ತಿರುಗಿಸಿ ಕಿಟಕಿಗಳನ್ನೆಲ್ಲ ತೆರೆದಳು. “ಇಷ್ಟು ಹೊತ್ತೂ ಇಲ್ಲೇ ಕೂತಿದ್ರಾ? ನಿಮಗೇನೂ ಗೊತ್ತಾಗಲಿಲ್ವಾ?” ಎಂದು ಕೇಳಿದಳು. ಅವಳ ಕೈ ನಡುಗುತ್ತಿದ್ದಿತು. ಅಂದಿನಿಂದ ನನ್ನನ್ನು ಮನೆಯಲ್ಲಿ ಒಬ್ಬನನ್ನೇ ಬಿಟ್ಟು ಅವಳು ಹೊರಗೆ ಹೋಗಲಿಲ್ಲ. ಹೀಗೆ ನನ್ನ ಮೂಗಿನ ದೆಸೆಯಿಂದ ಸೆರೆಯಾದವಳು ಅವಳು.

ಅದಕ್ಕಿಂತಲೂ ನೊಂದುದು ಮಗಳು ತನ್ನ ಆರು ತಿಂಗಳ ಕೂಸನ್ನು ಎತ್ತಿಕೊಂಡು ಬಂದ ದಿನ. ಪ್ರವಾಸದಿಂದ ಮರಳಿದ ತಂದೆಯು ಮಕ್ಕಳ ನೆತ್ತಿಯನ್ನು ಆಘ್ರಾಣಿಸಬೇಕೆಂದು ಗೃಹ್ಯಸೂತ್ರಗಳಲ್ಲಿ ವಿಧಿಯಿದೆ. ಕಾವ್ಯಗಳಲ್ಲಿ ಹಿರಿಯರು ಮಕ್ಕಳನ್ನು ಮುದ್ದಿಸುವ ಬಗೆಯೇ ಅದು. ಶಾಸ್ತ್ರವನ್ನು ಓದದ ಅಜ್ಜಿಯರೂ ಹಾಗೆಯೇ ಮಾಡುವರು. ನಾನೂ ಕೂಸಿನ ನೆತ್ತಿಗೆ ಮೂಗಿಟ್ಟೆನು. ಮೃದುವಾಗಿದ್ದಿತು, ಬೆಚ್ಚಗಿದ್ದಿತು. ಅದರಿಂದಾಚೆಗೆ ಏನೂ ಇಲ್ಲ.

ವೈದ್ಯರೊಬ್ಬರು ಒಂದು ಅಭ್ಯಾಸವನ್ನು ತಿಳಿಸಿದರು. ಜರ್ಮನಿಯ ಡ್ರೆಸ್ಡೆನ್ ನಗರದ ಥಾಮಸ್ ಹುಮ್ಮೆಲ್ ಎಂಬ ಪ್ರಾಧ್ಯಾಪಕರೂ ಅವರ ಸಂಗಡಿಗರೂ 2009ರಲ್ಲಿ ಪ್ರಕಟಿಸಿದ ಕ್ರಮವದು: ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕು ಗಂಧಗಳನ್ನು ದಿನಕ್ಕೆರಡಾವರ್ತಿ, ಹನ್ನೆರಡು ವಾರ ಮೂಸುವುದು. ಕಳೆದುಹೋದುದು ಎಲ್ಲರಿಗೂ ಪೂರ್ತಿಯಾಗಿ ಮರಳುವುದೆಂದಲ್ಲ. ಸುಮ್ಮನಿದ್ದವರಿಗಿಂತ ಅಭ್ಯಾಸ ಮಾಡಿದವರಲ್ಲಿ ಹೆಚ್ಚು ಸುಧಾರಣೆ ಕಂಡಿತೆಂದಷ್ಟೆ. ನಾಲ್ಕು ಸೀಸೆಗಳನ್ನು ತಂದು ಸಾಲಾಗಿಟ್ಟುಕೊಂಡು, ಬಾಲ್ಯದಲ್ಲಿ ಶಬ್ದರೂಪಾವಳಿಯನ್ನು ಉರುಹಚ್ಚಿದ ಹಟದಿಂದಲೇ ಕುಳಿತೆನು. ಹುಬ್ಬು ಬಿಗಿದು, ಹಲ್ಲು ಕಚ್ಚಿ, ಬುಸುಬುಸು ಎಂದು ಎಳೆದೆನು. ಮೂರು ವಾರ ಕಳೆದರೂ ಫಲವಿಲ್ಲ. ಗೃಹಿಣಿ ಹೊಸಲಲ್ಲಿ ನಿಂತು ನೋಡಿ, “ಲವಂಗ ಮೂಸ್ತಿದೀರೋ, ಲೆಕ್ಕ ತಪ್ಪಿದ ಹುಡುಗನ್ನ ಗದರಿಸ್ತಿದೀರೋ?” ಎಂದಳು. ನನಗೆ ಕೋಪ ಬಂದಿತು. ಎಲ್ಲಿ ಬಂದಿತೆಂದು ವಾಚಕರಿಗೆ ಹೇಳಬೇಕಾದುದಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗಳು ಮಹಡಿಯ ಮೇಲೆ ಯೋಗಾಸನಗಳನ್ನು ಹೇಳಿಕೊಡುವಳು. ಸೊಂಟನೋವಿಗೆಂದು ನಾನು ಅಲ್ಲಿಗೆ ಹೋಗತೊಡಗಿದ್ದೆನು. ಪಾಠಶಾಲೆಯಲ್ಲಿ ಯೋಗಸೂತ್ರವನ್ನು ಭಾಷ್ಯಸಮೇತ ಓದಿದ್ದವನು ಅರ್ಧ ವಯಸ್ಸಿನ ಹುಡುಗಿಯ ಮುಂದೆ ಕೈಕಾಲು ನೀಡಿ ಮಲಗುವುದೇ ಎಂದು ಮೊದಮೊದಲು ಸಂಕೋಚವಾಗಿದ್ದಿತು. ಶವಾಸನದಲ್ಲಿ ಆಕೆ ಸಾಲಿನುದ್ದಕ್ಕೂ ನಡೆದು ಬಂದು ನನ್ನ ತಲೆಯ ಬಳಿ ನಿಂತು ಮೆಲ್ಲನೆ ಹೇಳಿದಳು: “ಮೇಷ್ಟ್ರೆ, ಮೈಯೆಲ್ಲ ಮಲಗಿದೆ, ಮುಖ ಒಂದು ಎದ್ದು ಕೂತಿದೆ. ಮೂಗಿನ ಬುಡ ಬಿಡಿ.”

ಮೂಗಿನ ಬುಡವನ್ನು ಬಿಡುವುದೆಂದರೇನು? ಹಿಡಿದಿದ್ದೇನೆಂಬುದೇ ತಿಳಿಯದವನು ಬಿಡುವುದು ಹೇಗೆ? ಆಕೆ ಒಂದೊಂದಾಗಿ ಹೇಳಿದಳು. ಹಣೆಯ ಚರ್ಮವನ್ನು ಮೇಲಕ್ಕೆಳೆಯದೆ ಹುಬ್ಬಿನ ಕಡೆಗೆ ಇಳಿಯಬಿಡಬೇಕು. ಕೆಳದವಡೆ ಸಡಿಲಾಗಿ ಜೋಲಬೇಕು. ನಾಲಗೆ ಅಂಗುಳಕ್ಕೆ ಒತ್ತದೆ ತನ್ನಷ್ಟಕ್ಕೆ ಬಿದ್ದಿರಬೇಕು. ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ತಿರುಗಬಾರದು. ಮೂಗಿನ ಹೊಳ್ಳೆಗಳು ಇಕ್ಕೆಲಗಳಿಗೂ ಹಗುರಾಗಿ ಹರಡಿಕೊಳ್ಳಬೇಕು. ಉಸಿರನ್ನು ಎಳೆಯಬಾರದು, ಬಂದುದನ್ನು ತೆಗೆದುಕೊಳ್ಳಬೇಕು. ಇದನ್ನೆಲ್ಲ ಬಿ. ಕೆ. ಎಸ್. ಅಯ್ಯಂಗಾರರ ಪುಸ್ತಕದಿಂದ ಕಲಿತುದಾಗಿ ಹೇಳಿದಳು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರ ಇನ್‌ಫ್ಲುಯೆಂಜಾ ಮಾರಿಯ ಕಾಲದಲ್ಲಿ, ಆ ಜ್ವರದಿಂದಲೇ ನರಳುತ್ತಿದ್ದ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ರೋಗಿಷ್ಠ ಬಾಲಕನಾಗಿ ಬೆಳೆದು, ಮೈಸೂರಿನಲ್ಲಿ ತಮ್ಮ ಭಾವ ತಿರುಮಲೆ ಕೃಷ್ಣಮಾಚಾರ್ಯರ ಬಳಿ ಆಸನಗಳನ್ನು ಕಲಿತವರು ಅಯ್ಯಂಗಾರರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ಆಚಾರ್ಯರು ‘ಯೋಗಮಕರಂದ’ವನ್ನು 1934ರಲ್ಲಿ ನಮ್ಮ ಕನ್ನಡದಲ್ಲಿಯೇ ಬರೆದು ಪ್ರಕಟಿಸಿದರು. ಶಿಷ್ಯರು 1966ರಲ್ಲಿ ಇಂಗ್ಲಿಷಿನಲ್ಲಿ ಬರೆದ ದೊಡ್ಡ ಗ್ರಂಥದಲ್ಲಿ ಶವಾಸನದ ಉಸಿರು ಎಷ್ಟು ಸೂಕ್ಷ್ಮವಾಗಿರಬೇಕೆಂದರೆ, ಹೊರಬಿಡುವ ಉಸಿರಿನ ಬಿಸಿಯು ಮೂಗಿನ ಹೊಳ್ಳೆಗಳಿಗೇ ತಿಳಿಯಬಾರದೆಂದು ಹೇಳಿರುವರು. ನಾನಾದರೋ ಕಮ್ಮಾರನ ತಿದಿಯಂತೆ ಊದುತ್ತಿದ್ದೆನು.

ಮನೆಗೆ ಬಂದು ಹಳೆಯ ಪುಸ್ತಕಗಳನ್ನು ತೆರೆದೆನು. ಮನಸ್ಸಿನ ಸ್ಥಿತಿಗೆ ಪತಂಜಲಿಯು ಹೇಳಿದ ಉಪಾಯಗಳಲ್ಲಿ ಒಂದು, ವಿಷಯಗಳನ್ನೇ ಸೂಕ್ಷ್ಮವಾಗಿ ಅರಿಯುವ ಪ್ರವೃತ್ತಿ. ಅಲ್ಲಿ ವ್ಯಾಸಭಾಷ್ಯವು ಮೊದಲು ಎತ್ತಿಕೊಳ್ಳುವುದೇ ಮೂಗನ್ನು. ನಾಸಾಗ್ರದಲ್ಲಿ ಧಾರಣೆ ಮಾಡುವವನಿಗೆ ದಿವ್ಯಗಂಧದ ಅರಿವಾಗುವುದಂತೆ. ರುಚಿಗೆ ನಾಲಗೆಯ ತುದಿ, ರೂಪಕ್ಕೆ ಅಂಗುಳು, ಹೀಗೆ ಉಳಿದವು ಆಮೇಲೆ. ಇದರಿಂದ ಪ್ರಯೋಜನವೇನೆಂಬುದಕ್ಕೆ ಭಾಷ್ಯಕಾರನು ಕೊಡುವ ಕಾರಣ ನನಗೆ ಬಹು ಹಿಡಿಸಿತು. ಶಾಸ್ತ್ರದ ಒಂದು ಅಂಶವನ್ನಾದರೂ ತನ್ನ ಇಂದ್ರಿಯದಿಂದಲೇ ಕಂಡುಕೊಳ್ಳದಿದ್ದರೆ ಮಿಕ್ಕುದೆಲ್ಲವೂ ಪರೋಕ್ಷವಾಗಿಯೇ ಉಳಿಯುವುದೆಂದು ಆತನ ಅಭಿಪ್ರಾಯ. ನಲವತ್ತು ವರ್ಷಗಳ ಹಿಂದೆ ಪರೀಕ್ಷೆಗಾಗಿ ಓದಿದ ನನಗೆ ಎಲ್ಲವೂ ಪರೋಕ್ಷವಾಗಿಯೇ ಉಳಿದಿದ್ದಿತು.

ಗೀತೆಯ ಆರನೆಯ ಅಧ್ಯಾಯದಲ್ಲಿ ಮೂಗಿನ ತುದಿಯನ್ನು ನೋಡುತ್ತ ಕುಳಿತುಕೊಳ್ಳಬೇಕೆಂದಿರುವುದಷ್ಟೆ. ಅದನ್ನು ನಂಬಿ ಚಿಕ್ಕಂದಿನಲ್ಲಿ ನಾನು ಮೆಳ್ಳೆಗಣ್ಣು ಮಾಡಿಕೊಂಡು ಕುಳಿತು ತಲೆನೋವು ಬರಿಸಿಕೊಂಡಿದ್ದೆನು. ಶಂಕರರು ಅಲ್ಲಿ ಸ್ಪಷ್ಟವಾಗಿ ಹೇಳುತ್ತಾರೆ: ‘ಇವ’ ಎಂಬ ಶಬ್ದವು ಲೋಪವಾಗಿದೆ, ನೋಡುವವನಂತೆ ಇರಬೇಕೆಂದು ತಾತ್ಪರ್ಯವೇ ಹೊರತು ತುದಿಯನ್ನು ನೋಡೆಂದು ವಿಧಿಯಲ್ಲ, ಹಾಗೆ ನೋಡಿದರೆ ಮನಸ್ಸು ಮೂಗಿನಲ್ಲಿಯೇ ನಿಂತೀತು. ಈ ವಾಕ್ಯವನ್ನು ನಾನು ಹುಡುಗರಿಗೆ ಪಾಠ ಹೇಳಿದ್ದೂ ಉಂಟು. ‘ನೋಡು’ ಎಂಬುದಕ್ಕೂ ‘ನೋಡುವವನಂತಿರು’ ಎಂಬುದಕ್ಕೂ ಇರುವ ವ್ಯತ್ಯಾಸವು ಹುಬ್ಬಿನ ನಡುವಣ ಎರಡಂಗುಲ ಚರ್ಮದಲ್ಲಿರುವುದೆಂದು ಆಗ ನನಗೇ ತಿಳಿದಿರಲಿಲ್ಲ.

ಘ್ರಾಣದ ಸ್ಥಾನವಾದರೂ ಮೂಗಿನ ತುದಿಯಲ್ಲ. ಮೂಗಿನೊಳಗಣ ಚಾವಣಿಯಲ್ಲಿ, ಹೆಚ್ಚುಕಡಮೆ ಎರಡು ಕಣ್ಣುಗಳ ನಡುವಣ ಮಟ್ಟದಲ್ಲಿ, ಅಂಚೆಯ ಚೀಟಿಯಷ್ಟು ಅಗಲದ ಪೊರೆಯೊಂದಿದೆ. ಅದರಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಅವುಗಳ ಕುಲವನ್ನು 1991ರಲ್ಲಿ ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಎಂಬವರಿಗೆ 2004ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಕೋವಿಡ್ ಜಾಡ್ಯವು ಮುಖ್ಯವಾಗಿ ಹಾಳುಮಾಡುವುದು ಅಲ್ಲಿಯ ನರತಂತುಗಳನ್ನಲ್ಲ, ಅವಕ್ಕೆ ಆಸರೆಯಾಗಿರುವ ಪಕ್ಕದ ಕಣಗಳನ್ನು. ಆದುದರಿಂದಲೇ ಬಹುಮಂದಿಗೆ ವಾಸನೆ ತಾನಾಗಿಯೇ ಮರಳುವುದು. ಶಾಂತವಾದ ಉಸಿರಿನಲ್ಲಿ ಗಾಳಿಯ ಹೆಚ್ಚಿನ ಪಾಲು ಕೆಳದಾರಿಯಲ್ಲಿಯೇ ಗಂಟಲಿಗೆ ಹೋಗಿಬಿಡುವುದು. ಸ್ವಲ್ಪ ಭಾಗ ಮಾತ್ರ ಆ ಚಾವಣಿಯನ್ನು ಮುಟ್ಟುವುದು. ಹಾಗಾದರೆ ಬಲವಾಗಿ ಎಳೆಯುವುದೇ ಲೇಸಲ್ಲವೇ ಎಂದು ವಾಚಕರು ಕೇಳಬಹುದು. ಕನ್ನಡಿಯ ಮುಂದೆ ನಿಂತು ಒಮ್ಮೆ ಎಳೆದು ನೋಡಿರಿ. ಮಿತಿಮೀರಿ ಎಳೆದರೆ ಹೊಳ್ಳೆಗಳೇ ಒಳಕ್ಕೆ ಮಡಿಸಿಕೊಂಡು ದಾರಿಯನ್ನು ಕಟ್ಟುವುವು. ಹೂವನ್ನು ಮೂಸುವ ಮಗುವು ಹಾಗೆ ಎಳೆಯುವುದಿಲ್ಲ. ಮೆಲ್ಲಗೆ, ತುಂಡುತುಂಡಾಗಿ ಎಳೆದುಕೊಳ್ಳುವುದು.

ಟೊರಾಂಟೋ ವಿಶ್ವವಿದ್ಯಾನಿಲಯದ ಪಂಡಿತರು 2008ರಲ್ಲಿ ಪ್ರಕಟಿಸಿದ ಒಂದು ಪರಿಶೋಧನೆಯೂ ಆಮೇಲೆ ನನ್ನ ಕಣ್ಣಿಗೆ ಬಿದ್ದಿತು. ಮನುಷ್ಯನು ಹೇಸಿಗೆಯ ಮುಖ ಮಾಡಿದಾಗ ಮೂಗಿನೊಳಕ್ಕೆ ಹೋಗುವ ಗಾಳಿ ಕಡಮೆಯಾಗುವುದು. ಭಯದ ಮುಖ ಮಾಡಿದಾಗ ಹೆಚ್ಚುವುದು. ಮೂಗು ಮುರಿಯುವುದೆಂದು ನಾವು ಹೇಳುವುದು ಬರಿಯ ಅಲಂಕಾರವಲ್ಲ. ಬಾಗಿಲು ಹಾಕಿಕೊಳ್ಳುವ ಕೆಲಸವೇ ಅದು.

ಇಲ್ಲಿ ನಾನು ಒಬ್ಬ ಹುಡುಗನ ಸಂಗತಿಯನ್ನು ಹೇಳಬೇಕಾಗಿದೆ. ಬರೆಯದೆ ಬಿಡೋಣವೆಂದು ಎರಡು ಸಲ ಹಾಳೆಯನ್ನು ಮಡಿಸಿಟ್ಟಿದ್ದೆನು.

1987ರಲ್ಲಿ ನಾನು ರಾಮನಗರದ ಕಡೆಯ ಒಂದು ಶಾಲೆಯಲ್ಲಿದ್ದೆನು. ಆ ಸೀಮೆಯೆಲ್ಲ ರೇಷ್ಮೆಯ ಸೀಮೆ. ಗೂಡುಗಳನ್ನು ಕುದಿಯುವ ನೀರಿಗೆ ಹಾಕಿ ನೂಲು ಬಿಚ್ಚುವಾಗ ಒಳಗಿನ ಹುಳು ಬೇಯುವುದು; ಆ ವಾಸನೆಯನ್ನು ಒಮ್ಮೆ ಮೂಸಿದವರು ಮರೆಯಲಾರರು. ಬಟ್ಟೆಗೂ ಕೂದಲಿಗೂ ಹತ್ತಿದರೆ ಸೀಗೆಕಾಯಿಗೂ ಬಗ್ಗುವುದಿಲ್ಲ. ಏಳನೆಯ ತರಗತಿಯಲ್ಲಿ ಒಬ್ಬ ಹುಡುಗನು ನಸುಕಿನಲ್ಲೆದ್ದು ನೂಲಿನ ಮನೆಯಲ್ಲಿ ಕೆಲಸ ಮಾಡಿ, ಅಲ್ಲಿಂದ ನೆಟ್ಟಗೆ ಶಾಲೆಗೆ ಬರುತ್ತಿದ್ದನು. ಜಾಣ. ವಿಭಕ್ತಿಪ್ರತ್ಯಯಗಳನ್ನು ಒಂದೇ ಸಲ ಕೇಳಿ ಒಪ್ಪಿಸಿದವನು ಅವನೊಬ್ಬನೇ. ನಾನು ಅವನನ್ನು ಬೈದವನಲ್ಲ, ಹೊಡೆದವನಲ್ಲ, ವಾಸನೆಯ ಮಾತನ್ನೇ ಎತ್ತಿದವನಲ್ಲ. ಆದರೆ ಪುಸ್ತಕ ನೋಡಲು ಅವನ ಬಳಿ ಬಗ್ಗಿದಾಗಲೆಲ್ಲ ನನ್ನ ಮೂಗು ತನ್ನ ಕೆಲಸವನ್ನು ಮಾಡುತ್ತಿದ್ದಿತು. ಅದನ್ನು ನಾನು ಅರಿಯೆನು, ಅವನು ಬಲ್ಲನು. ಕೆಲವು ದಿನಗಳಾದ ಮೇಲೆ ಅವನು ತಾನಾಗಿಯೇ ಹಿಂದಿನ ಬೆಂಚಿಗೆ ಹೋಗಿ ಕಿಟಕಿಯ ಪಕ್ಕದಲ್ಲಿ ಕುಳಿತನು. ಆಮೇಲೆ, ನಾನು ಹತ್ತಿರ ಬರುತ್ತಿರುವಾಗಲೇ ಎದ್ದು ನಿಂತು, ತೋಳನ್ನು ಪೂರ್ತಿ ಮುಂದಕ್ಕೆ ಚಾಚಿ ಪುಸ್ತಕವನ್ನು ನೀಡತೊಡಗಿದನು. ನಾನು ಬಗ್ಗದೆ ಇರಲೆಂದು. ವಿನಯವಂತನೆಂದು ಮೆಚ್ಚಿಕೊಂಡೆನು. ದಸರೆಯ ರಜ ಕಳೆದು ಶಾಲೆ ತೆರೆದಾಗ ಅವನು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಕೆಲವು ವಾರ ಗೈರುಹಾಜರೆಂದು ಬರೆದು ಹೆಸರನ್ನು ಹೊಡೆದುಹಾಕಿದೆನು. ಅವನ ಮನೆಗೆ ಹೋಗಿ ವಿಚಾರಿಸಲಿಲ್ಲ. ಬಡತನಕ್ಕಾಗಿ ಬಿಟ್ಟನೋ ನನ್ನ ಮುಖಕ್ಕಾಗಿ ಬಿಟ್ಟನೋ ಹೇಳಲಾರೆ. ಚಾಚಿದ ಆ ತೋಳು ಮಾತ್ರ, ‘ಮೂಗಿನ ಬುಡ ಬಿಡಿ’ ಎಂದು ಆ ಹುಡುಗಿ ಹೇಳಿದ ದಿನ ಮಹಡಿಯ ಮೇಲೆ ಮಲಗಿದ್ದಂತೆಯೇ ನನ್ನ ಕಣ್ಣಿನ ಮುಂದೆ ಬಂದಿತು.

ಅಂದಿನಿಂದ ಸೀಸೆಗಳ ಮುಂದೆ ಕುಳಿತುಕೊಳ್ಳುವ ರೀತಿಯನ್ನು ಬದಲಾಯಿಸಿದೆನು. ಮೊದಲು ಹತ್ತು ನಿಮಿಷ ಮುಖವನ್ನು ಬಿಡುವುದು. ಆಮೇಲೆ ಸೀಸೆಯ ಬಿರಡೆ ತೆಗೆದು ಮೂಗಿನಿಂದ ನಾಲ್ಕಂಗುಲ ದೂರದಲ್ಲಿ ಹಿಡಿದು ಕಾದಿರುವುದು. ಅನುಲೋಮ ವಿಲೋಮದಲ್ಲಿಯೂ ಬೆರಳುಗಳಿಂದ ಮೂಗನ್ನು ಕಳ್ಳನನ್ನು ಹಿಡಿದಂತೆ ಹಿಡಿಯುವುದನ್ನು ಬಿಟ್ಟೆನು. ಕಷ್ಟವೇನೆಂದರೆ ಬಿಟ್ಟ ಮುಖವು ಬಿಟ್ಟಂತೆ ಇರುವುದಿಲ್ಲ. ಹಣೆಯನ್ನು ಸಡಿಲಿಸಿ ದವಡೆಗೆ ಬರುವಷ್ಟರಲ್ಲಿ ಹಣೆ ಮತ್ತೆ ಗಂಟಿಕ್ಕಿಕೊಂಡಿರುವುದು. ಅಡಿಗೆಮನೆಯಲ್ಲಿ ತಟ್ಟೆ ಬಿದ್ದರೆ ಮೂಗು ಸುಕ್ಕುಗಟ್ಟುವುದು. ಮೂವತ್ತನಾಲ್ಕು ವರ್ಷ ತರಗತಿಯನ್ನು ಮೌನವಾಗಿರಿಸಿದ ಮುಖವಲ್ಲವೇ? ಅದಕ್ಕೆ ನಿವೃತ್ತಿಯ ಆಜ್ಞೆ ತಲುಪಿರಲಿಲ್ಲ.

ಯೋಗದಿಂದ ನನ್ನ ಘ್ರಾಣವು ಮರಳಿತೆಂದು ನಾನು ಹೇಳುವುದಿಲ್ಲ. ಕಾಲವೇ ಮರಳಿಸಿದ್ದರೂ ಮರಳಿಸಿರಬಹುದು, ಸೀಸೆಗಳಿಗೂ ಪಾಲಿರಬಹುದು. ಮರಳಿತು ಎನ್ನುವುದೂ ಪೂರ್ತಿ ನಿಜವಲ್ಲ. ನವಂಬರಿನ ಒಂದು ಬೆಳಿಗ್ಗೆ ಲವಂಗದ ಸೀಸೆಯಿಂದ ಏನೋ ಒಂದು, ಹೆಸರಿಲ್ಲದುದು, ಬಂದು ಹೋಯಿತು. ಹಿಡಿಯಲು ಎಳೆದ ಕೂಡಲೆ ಮಾಯವಾಯಿತು. ಮುಖವನ್ನು ಬಿಟ್ಟು ಕುಳಿತಾಗ ಮತ್ತೆ ಬಂದಿತು. ಅದು ಲವಂಗವೆಂದು ಗೊತ್ತಾಗಲು ಇನ್ನೂ ಎರಡು ವಾರ ಹಿಡಿಯಿತು. ಕಾಫಿಯು ಬಂದಾಗ ಸುಟ್ಟ ರಬ್ಬರಿನ ವೇಷ ಹಾಕಿಕೊಂಡು ಬಂದಿತು. ಹೀಗೆ ವಿಕಾರವಾಗಿ ತೋರುವುದೂ ಈ ಜಾಡ್ಯದ ಒಂದು ಲಕ್ಷಣವೆಂದು ವೈದ್ಯರು ಹೇಳಿದರು. ಈಗಲೂ ಅದು ಪೂರ್ತಿ ಕಾಫಿಯಾಗಿಲ್ಲ. ಈರುಳ್ಳಿಯಂತೂ ದೊಡ್ಡ ಅವಸ್ಥೆ. ಅದರ ಮಾತು ಬೇಡ.

2022ರಲ್ಲಿ ಭರಣಿ ಮಳೆ ಬಿದ್ದ ಸಂಜೆ ಮಹಡಿಯ ಮೇಲೆ ಇದ್ದೆನು. ಇಟ್ಟಮಡುವೆಂಬ ಹೆಸರಿನಲ್ಲಿಯೇ ನೀರಿದೆ. ಮಡುವೆಂದರೆ ಆಳವಾದ ನೀರು. ಈಗ ಇಲ್ಲಿ ಮಣ್ಣು ಕಾಣಬೇಕಾದರೆ ಯಾರಾದರೂ ಮನೆಗೆ ಪಾಯ ತೋಡಿಸಬೇಕು. ಎದುರಿನ ನಿವೇಶನದಲ್ಲಿ ತೋಡಿದ್ದರು. ದಪ್ಪ ಹನಿಗಳು ಆ ಕೆಮ್ಮಣ್ಣಿನ ಮೇಲೆ ಬಿದ್ದುವು, ಗಾಳಿ ಈ ಕಡೆಗೆ ತಿರುಗಿತು, ವಾಸನೆ ಬಂದಿತು. ಗಂಧವು ಪೃಥ್ವಿಯ ಲಕ್ಷಣವೆಂದು ಅನ್ನಂಭಟ್ಟನು ತರ್ಕಸಂಗ್ರಹದಲ್ಲಿ ಹೇಳಿದುದನ್ನು ಹನ್ನೆರಡನೆಯ ವಯಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆನು. ನೀರಿನಲ್ಲಿ ಗಂಧ ತೋರಿದರೂ ಅದು ಬೆರೆತ ಮಣ್ಣಿನದೇ ಎಂದು ಗುರುಗಳು ಸಾಧಿಸುತ್ತಿದ್ದರು. ಮಳೆಯ ಮಣ್ಣಿನ ವಾಸನೆಗೆ ಮುಖ್ಯ ಕಾರಣವಾದ ದ್ರವ್ಯವು ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳಿಂದ ಉಂಟಾಗುವುದು. ವಿಜ್ಞಾನಿಗಳು 1965ರಲ್ಲಿ ಅದಕ್ಕೆ ಜಿಯೋಸ್ಮಿನ್ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಆ ಮಾತಿಗೆ ಭೂಮಿಯ ಗಂಧವೆಂದೇ ಅರ್ಥ. ನಮ್ಮ ಗುರುಗಳು ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದರು! ಕೆಳಗೆ ಇಳಿದು ಹೋಗಿ ಗೃಹಿಣಿಗೆ ಹೇಳಿದೆನು. ಅವಳು ಮಾತನಾಡಲಿಲ್ಲ, ಸ್ವಲ್ಪ ಹೊತ್ತಾದ ಮೇಲೆ ಸೀರೆ ಬದಲಾಯಿಸಿ, “ನಾನು ಗಾಂಧಿಬಜಾರಿಗೆ ಹೋಗ್ಬರ್ತೀನಿ” ಎಂದು ಒಬ್ಬಳೇ ಹೊರಟಳು. ಒಂದು ವರ್ಷದಲ್ಲಿ ಅದೇ ಮೊದಲು.

ಒಳ್ಳೆಯ ವಾಸನೆಗಳು ಹೀಗೆ ಬಂದುವು. ಅವನ್ನು ಬರಮಾಡಿಕೊಳ್ಳಲು ಮುಖವೇನೂ ಹಟಮಾಡುವುದಿಲ್ಲ. ಹೊಸಕೆರೆಹಳ್ಳಿಯ ಕೆರೆಯ ಕಡೆಗೆ ಸಂಜೆ ನಡೆದು ಹೋದಾಗ ಚರಂಡಿಯ ನಾತವೂ ಬಂದಿತು. ಮೂಗು ತಟಕ್ಕನೆ ಹಳೆಯ ಪಾಠವನ್ನು ಒಪ್ಪಿಸಿತು. ನಾತವು ಅಪಾಯವನ್ನು ತಿಳಿಸುವುದಕ್ಕಾಗಿ ಇರುವುದರಿಂದ ಅಲ್ಲಿ ಮೂಗು ಮುಚ್ಚಿದುದಕ್ಕೆ ನಾನು ನನ್ನನ್ನು ಬೈದುಕೊಳ್ಳುವುದಿಲ್ಲ. ಕೊಳೆತ ನೀರಿನ ಮುಂದೆ ಯೋಗಿಯಾಗಬೇಕೆಂಬ ಹಂಬಲ ನನಗಿಲ್ಲ.

ಕಳೆದ ವರ್ಷ ಒಂದು ಮದುವೆಗಾಗಿ ನಾವಿಬ್ಬರೂ ರಾಮನಗರಕ್ಕೆ ಹೋಗಿದ್ದೆವು. ಬಸ್ಸಿಳಿದು ಛತ್ರವನ್ನು ಹುಡುಕಿಕೊಂಡು ಒಂದು ಅಡ್ಡಬೀದಿಯಲ್ಲಿ ನಡೆಯುತ್ತಿದ್ದಾಗ ಒಂದು ತಗಡಿನ ಮಾಡಿನ ಕೆಳಗಿನಿಂದ ಬಿಸಿಯ ಹಬೆ ಬೀದಿಗೆ ಬಂದಿತು. ಒಳಗೆ ನೂಲು ಬಿಚ್ಚುತ್ತಿದ್ದರು. ಹೆಸರು ನೆನಪಾಗುವ ಮೊದಲೇ ಹುಬ್ಬಿನ ನಡುವೆ ಗಂಟು ಬಿದ್ದುದು, ಮೇಲ್ದುಟಿ ಮೇಲೆದ್ದುದು, ಹೊಳ್ಳೆ ಮುಚ್ಚಿಕೊಂಡುದು ಒಂದಾದ ಮೇಲೊಂದು ನನಗೆ ತಿಳಿಯಿತು. ನಿಂತೆನು. ಹಣೆಯಿಂದ ಆರಂಭಿಸಿ ಒಂದೊಂದನ್ನಾಗಿ ಬಿಟ್ಟೆನು. ಸ್ವಲ್ಪ ಹೊತ್ತು ಹಿಡಿಯಿತು. ಬಾಂಡಲೆಯ ಹಿಂದೆ ಕುಳಿತಿದ್ದ ಹೆಂಗಸು ಯಾರೋ ಏನೋ ಎಂದು ತಲೆಯೆತ್ತಿ ನೋಡಿದಳು.

ಗೃಹಿಣಿ ಸೆರಗನ್ನು ಮೂಗಿಗೆ ಹಿಡಿದುಕೊಂಡು ನಾಲ್ಕು ಹೆಜ್ಜೆ ಮುಂದೆ ಹೋಗಿದ್ದವಳು ಹಿಂತಿರುಗಿ ಬಂದು, “ಯಾಕೆ ನಿಂತ್ರಿ? ನಿಮಗೆ ವಾಸನೆ ಬರ್ತಿಲ್ವಾ?” ಎಂದು ಕೇಳಿದಳು.

“ಬರ್ತಿದೆ” ಎಂದೆನು.